ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು

2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ಬೆಂಗಳೂರಿನಲ್ಲಿ ಇಳಿದದ್ದು ಜನವರಿ 11ರ ನಸುಕಿನಲ್ಲಿ. ಎರಡು ಊರುಗಳ ನಡುವಿನ ಮೊದಲ ನೇರ ಹಾರಾಟ ಅದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ಮೇಲೆ ಹಾದು ಬಂದರು. ಎರಡು ದಿನ ಹಿಡಿಯಿತೇ ಎಂದು ಗಾಬರಿಯಾಗಬೇಡಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ; ಪ್ರಯಾಣ ಸುಮಾರು 17 ಗಂಟೆಯದು.

ಆದರೆ ಧ್ರುವಕ್ಕೇಕೆ ಹೋಗಬೇಕಿತ್ತು?

ಮನೆಯಲ್ಲಿ ಭೂಗೋಳದ ಗುಂಡು ಇದ್ದರೆ ಎರಡೂ ಊರುಗಳ ನಡುವೆ ಒಂದು ದಾರ ಬಿಗಿದು ಹಿಡಿಯಿರಿ. ಅದು ಟಿಬೆಟ್ ದಾಟಿ, ಸೈಬೀರಿಯದ ಈಶಾನ್ಯ ಅಂಚನ್ನು ಸವರಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ಸರಿಯಾಗಿ ಧ್ರುವವನ್ನೇ ಮುಟ್ಟಿ ಬಂದರೂ ಲೆಕ್ಕಕ್ಕೆ ಹೆಚ್ಚು ಸೇರುವುದು 400 ಕಿ.ಮೀ.ಗಿಂತ ಕಡಿಮೆ. ಗೋಡೆಯ ಚಪ್ಪಟೆ ಭೂಪಟವನ್ನೇ ನೋಡಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟ.

ದಾರ ತೋರಿಸಿದ ದಾರಿಯಲ್ಲೇ ಹಾರಬಹುದೆಂದೂ ಅಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನ ನೆಲವೇ ಬಹುಪಾಲು 14,000 ಅಡಿಗೂ ಎತ್ತರ! ಇಳಿಯಲು ಜಾಗವೇ ಇಲ್ಲ. ಪ್ರಯಾಣಿಕರ ತಲೆಯ ಮೇಲಿನ ಆಮ್ಲಜನಕದ ಮಾಸ್ಕ್ ಕೆಲಸಮಾಡುವುದು ಕೆಲವೇ ನಿಮಿಷ. ಹಾಗಾಗಿ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿಕೊಂಡೇ ಹೋಗುತ್ತವೆ.

ಇನ್ನೊಬ್ಬ ಯಜಮಾನ ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ. ಬೆಂಗಳೂರಿನಿಂದ ಹೊರಟ ವಿಮಾನ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಅದರ ಬೆನ್ನೇರಿದರೆ, ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. ಮರಳುವಾಗ ಅದೇ ಹೊಳೆಗೆ ಎದುರೀಜಬೇಕು. ತುಂಗಭದ್ರೆಯಲ್ಲಿ ಸೆಳವಿನ ಜೊತೆ ಹರಿಗೋಲು ಬಿಟ್ಟ ಅಂಬಿಗ ವಾಪಸಾಗುವಾಗ ದಂಡೆ ಹಿಡಿಯುತ್ತಾನಲ್ಲ, ಆಗಸದಲ್ಲಿ ಆ ದಂಡೆಯೇ ಧ್ರುವ. ಗಾಳಿ ದಿನಕ್ಕೊಂದು ಬಗೆ, ಹಾಗಾಗಿ ದಾರಿಯೂ ದಿನಕ್ಕೊಂದು ಬಗೆ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ವಜಾ ಆಗುತ್ತದೆ ಎಂದುಕೊಂಡಿರಾ? ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 100 ಕಿ.ಮೀ. ವೇಗದ ಗಾಳಿ ಎನ್ನೋಣ. 14,000 ಕಿ.ಮೀ. ಹೋಗಲು 14 ಗಂಟೆ, ಬರಲು ಹದಿನೇಳೂವರೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಇದಕ್ಕಿಂತ 23 ನಿಮಿಷ ಕಡಿಮೆ ಸಾಕಿತ್ತು.