ಯುದ್ಧಕಾಲದ ಆಯುಧ ತಯಾರಿಕೆಯಲ್ಲಿನ ವ್ಯತ್ಯಾಸಗಳು: ಟಿಪ್ಪು ಕಾಲದ ಕೋವಿ ಮತ್ತು ಬಾಣಗಳ ಗುರುತು

ಕನ್ನಡದಲ್ಲಿ ‘ಕೋವಿ’ ಎಂದರೆ ಮೂಲತಃ ಕೊಳವೆ. ಬಂದೂಕು, ತುಪಾಕಿ ಎಂಬ ಪದಗಳು ಹೊರಗಿನಿಂದ ಬಂದವಾದರೂ ಜನಸಾಮಾನ್ಯರು ಈ ಆಯುಧವನ್ನು ಅದರ ಕಬ್ಬಿಣದ ನಳಿಕೆಯಿಂದಲೇ ಗುರುತಿಸಿ ಹೆಸರಿಟ್ಟುಕೊಂಡರು. ಹಳೆಯ ಮೈಸೂರು ಸೀಮೆಯಲ್ಲಿ ಮನೆತನದ ಕೋವಿಗೆ ಟಿಪ್ಪುಸುಲ್ತಾನನ ಹೆಸರು ಅಂಟಿಕೊಳ್ಳುವುದು ಅಪರೂಪವೇನಲ್ಲ. ಇಂತಹ ಹೇಳಿಕೆಗೆ ಐತಿಹ್ಯವಾಗಿ ತನ್ನದೇ ಆದ ಬೆಲೆಯಿದೆ. ಆದರೆ ಆ ಕೋವಿ ಎಲ್ಲಿ, ಯಾವಾಗ ತಯಾರಾಯಿತು ಎಂಬ ಪ್ರಶ್ನೆಗೆ ಉತ್ತರವನ್ನು ವಸ್ತುವಿನ ಮೇಲೆಯೇ ಹುಡುಕಬೇಕಾಗುತ್ತದೆ.

ಈ ಬಗೆಯ ಶೋಧಕ್ಕೆ ಚೆನ್ನಾಗಿ ಬೆಳೆದ ಮಾದರಿಯೊಂದು ಜಪಾನಿನ 99ನೆಯ ಮಾದರಿಯ ಸೈನಿಕ ರೈಫಲಿನ ಅಧ್ಯಯನದಲ್ಲಿ ದೊರೆಯುತ್ತದೆ. 1939ರಲ್ಲಿ ಅಂಗೀಕೃತವಾದ ಈ ರೈಫಲಿಗೆ ಮೊದಲು ವಿಮಾನಗಳಿಗೆ ಗುರಿಯಿಡುವ ಮಡಿಸುವ ಪಟ್ಟಿಗಳು, ತಂತಿಯ ಒಂಟಿ ಊರುಗಾಲು, ಒಳಗೆ ಕ್ರೋಮಿಯಂ ಲೇಪಿಸಿದ ನಳಿಕೆ ಇದ್ದವು. 1944–45ರ ವೇಳೆಗೆ ಗುರಿಕಿಂಡಿ ಸ್ಥಿರವಾಯಿತು, ಹಿಡಿಕೆಯ ಗುಂಡು ಸರಳ ಉರುಳೆಯಾಯಿತು, ದಸ್ತಿನ ತುದಿಗೆ ಲೋಹದ ಬದಲು ಮರದ ಹಲಗೆಯನ್ನು ಮೊಳೆಯಿಂದ ಬಡಿಯಲಾಯಿತು. ಕ್ರಮಸಂಖ್ಯೆಯ ಮುಂದೆ ವೃತ್ತದೊಳಗಿರುವ ಜಪಾನಿ ಅಕ್ಷರ ಹಾಗೂ ಕಾರ್ಖಾನೆಯ ಮುದ್ರೆಗಳನ್ನು ಕೂಡಿಸಿ ಓದಿದರೆ ರೈಫಲು ಯಾವ ಕಾರ್ಖಾನೆಯ ಯಾವ ಸರಣಿಯದು ಎಂದು ತಿಳಿಯುತ್ತದೆ. ಅನೇಕ ರೈಫಲುಗಳಲ್ಲಿ ಅರಮನೆಯ ಸೇವಂತಿಗೆ ಹೂವಿನ ಮುದ್ರೆಯನ್ನು ಉಜ್ಜಿ ಅಳಿಸಲಾಗಿದೆ. ಅದು ತಯಾರಿಕೆಯ ದೋಷವಲ್ಲ, ಶರಣಾಗತಿಯ ಕುರುಹು. ತಯಾರಿಕೆಯ ಗುರುತು ಮತ್ತು ಅನಂತರದ ಬದಲಾವಣೆಯ ಗುರುತು ಇವೆರಡನ್ನೂ ಬೇರ್ಪಡಿಸುವ ಈ ವಿವೇಚನೆ ಮೈಸೂರಿನ ಆಯುಧಗಳ ಅಧ್ಯಯನಕ್ಕೂ ಅತ್ಯಗತ್ಯ.

ಟಿಪ್ಪುವಿನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಹಾಗೂ ನಗರ (ಬಿದನೂರು) ಆಯುಧ ತಯಾರಿಕೆಯ ಕೇಂದ್ರಗಳಾಗಿದ್ದವು. ಈ ಕೋವಿಗಳ ಮೇಲೆ ‘ಬಬ್ರಿ’ ಎಂಬ ಹುಲಿಪಟ್ಟೆಯ ಮುದ್ರೆ, ಹೈದರನ ಹೆಸರನ್ನು ಸೂಚಿಸುವ ಮುದ್ರೆ, ಕೆಲವೊಮ್ಮೆ ತಯಾರಿಸಿದ ಊರು, ವರ್ಷ ಮತ್ತು ಕುಶಲಕರ್ಮಿಯ ಹೆಸರು ಕಾಣಸಿಗುತ್ತವೆ. ರಾಬಿನ್ ವಿಗಿಂಗ್ಟನ್ 1992ರಲ್ಲಿ ಪ್ರಕಟಿಸಿದ ಗ್ರಂಥ ಈ ಕೋವಿಗಳನ್ನೇ ಕುರಿತದ್ದು. ವರ್ಷವನ್ನು ಓದುವಲ್ಲಿ ವಿಶೇಷ ಎಚ್ಚರ ಬೇಕು. ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಗೆ ಸ್ಥೂಲವಾಗಿ 572 ಸೇರಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಹೀಗೆ 1222 ಎಂಬುದು ಸುಮಾರು 1794. ಅದನ್ನೇ ಹಿಜರಿ ಎಂದು ಭ್ರಮಿಸಿದರೆ 1807 ಆಗಿ, ಕೋವಿ ಟಿಪ್ಪು ಮಡಿದು ಎಂಟು ವರ್ಷಗಳಾದ ಮೇಲಿನದೆಂದು ತಳ್ಳಿಹಾಕುವ ಅಪಾಯವಿದೆ. ಸಾಲದುದಕ್ಕೆ, ಅವನ ನಾಣ್ಯಗಳಲ್ಲಿ ಕಾಣುವಂತೆ ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅರಿಯದವರ ಕಣ್ಣಿಗೆ 1222 ಎಂಬುದು 2221 ಆಗಿ ತೋರುತ್ತದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನು ಕಳೆದುಕೊಂಡು 3 ಕೋಟಿ 30 ಲಕ್ಷ ರೂಪಾಯಿಗಳ ದಂಡಕ್ಕೆ ಗುರಿಯಾಯಿತು. ಆದರೂ ಚಿನ್ನದ ಕುಸುರಿಯುಳ್ಳ ಅತ್ಯುತ್ತಮ ಅರಮನೆಯ ಕೋವಿಗಳಲ್ಲಿ ಕೆಲವು ಈ ಸೋಲಿನ ಅನಂತರದವು. ಅರಮನೆಗೂ ಸಿಪಾಯಿಗೂ ಬೇರೆಬೇರೆ ದರ್ಜೆಯ ಕೆಲಸ ನಡೆಯುತ್ತಿದ್ದುದರಿಂದ, ಒರಟಾದದ್ದೆಲ್ಲ ಕೊನೆಯ ಕಾಲದ್ದು ಎಂಬ ಜಪಾನಿ ರೈಫಲಿನ ಸೂತ್ರ ಇಲ್ಲಿ ನಡೆಯದು.

ಮತ್ತೊಂದು ಪರೀಕ್ಷೆ ಕೋವಿಯ ಚಾಪಿನದು. ಟಿಪ್ಪುವಿನದು ಚಕಮಕಿ ಕಲ್ಲಿನ ಕೋವಿಗಳ ಕಾಲ. ಕೇಪು ಹೊಡೆಯುವ ಚಾಪು 19ನೆಯ ಶತಮಾನದ್ದು. ಹಳೆಯ ಚಕಮಕಿ ಚಾಪನ್ನು ಅನಂತರ ಕೇಪಿಗೆ ಹೊಂದಿಸುವುದೂ ಇತ್ತಾದ್ದರಿಂದ, ಕೇಪು ಇದೆಯೆಂಬ ಮಾತ್ರಕ್ಕೆ ನಿರಾಕರಿಸದೆ, ಪಕ್ಕದಲ್ಲಿ ಮುಚ್ಚಿದ ತಿರುಪಿನ ತೂತುಗಳಿವೆಯೇ ಎಂದು ನೋಡಬೇಕು. ಹೃದಯಾಕಾರದ ಚಿಹ್ನೆಯಾಗಲಿ, 1808ರಿಂದ ಅದರ ಜಾಗಕ್ಕೆ ಬಂದ ನಿಂತ ಸಿಂಹವಾಗಲಿ ಇದ್ದಲ್ಲಿ ಆ ಚಾಪು ಈಸ್ಟ್ ಇಂಡಿಯಾ ಕಂಪನಿಯದು.

ದೊರೆತ ಸ್ಥಳವನ್ನು ತಯಾರಾದ ಸ್ಥಳವೆಂದು ತಿಳಿಯುವುದೂ ಸಲ್ಲದು. ಹಾಸನ ಜಿಲ್ಲೆಯ ಸಕಲೇಶಪುರದ ಬಳಿ 1792ರಲ್ಲಿ ಕಟ್ಟಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಂತಹ ಗಡಿಠಾಣ್ಯಗಳಿಗೆ ಕೋವಿ, ಮದ್ದು ಎಲ್ಲವೂ ಬೇರೆಡೆಯಿಂದಲೇ ಬರಬೇಕಾಗಿತ್ತು.

ಮುದ್ರೆಯೇ ಕಾಣದಲ್ಲಿ ಅಳತೆಯನ್ನೇ ಆಶ್ರಯಿಸಬೇಕು. ಮೈಸೂರಿನ ಬಾಣಗಳ, ಅಂದರೆ ಕಬ್ಬಿಣದ ಕೊಳವೆಯ ರಾಕೆಟ್ಟುಗಳ, ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. (ಜಾತ್ರೆಯ ‘ಬಾಣಬಿರುಸು’ ಎಂಬ ಮಾತಿನಲ್ಲಿ ಈ ಪದ ಇಂದಿಗೂ ಉಳಿದಿದೆ.) ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ವಿವರಿಸಿದ, ಇಂಗ್ಲೆಂಡಿನ ವುಲಿಚ್ ಸಂಗ್ರಹಾಲಯದ ಎರಡು ಬಾಣಗಳಲ್ಲಿ ಒಂದರ ಕೊಳವೆ 58 ಮಿ.ಮೀ. ವ್ಯಾಸ, 254 ಮಿ.ಮೀ. ಉದ್ದವಿದ್ದು ಕತ್ತಿಯ ಅಲಗಿಗೆ ಕಟ್ಟಲ್ಪಟ್ಟಿದೆ. ಇನ್ನೊಂದು 37 ಮಿ.ಮೀ. ವ್ಯಾಸ, 198 ಮಿ.ಮೀ. ಉದ್ದವಿದ್ದು 1.90 ಮೀಟರಿನ ಬಿದಿರಿಗೆ ಚರ್ಮದ ಪಟ್ಟಿಯಿಂದ ಬಿಗಿಯಲ್ಪಟ್ಟಿದೆ. ಎರಡೇ ಮಾದರಿಗಳಿಂದ ವರ್ಗೀಕರಣ ಸಾಧ್ಯವಿರಲಿಲ್ಲ. 2002ರಲ್ಲಿ ನಗರದ ಹಳೆಯ ಬಾವಿಯೊಂದರಲ್ಲಿ 160ಕ್ಕೂ ಹೆಚ್ಚು, 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಉತ್ಖನನದಲ್ಲಿ 1000ಕ್ಕೂ ಹೆಚ್ಚು ಬಾಣಗಳು ದೊರೆತ ಮೇಲೆ ಸ್ಥಿತಿ ಬದಲಾಯಿತು. 2018ರವುಗಳ ಉದ್ದ 23ರಿಂದ 26 ಸೆಂ.ಮೀ. ಬಡಿದು ಮಾಡಿದ ಕೊಳವೆಗಳಲ್ಲಿ ಇಷ್ಟು ಅಂತರ ಸಹಜವೆನಿಸಿದರೂ, ಅದು ಕಮ್ಮಾರನ ಕೈಯ ವ್ಯತ್ಯಾಸವೋ ಉದ್ದೇಶಪೂರ್ವಕವಾದ ಬೇರೆ ದರ್ಜೆಗಳೋ ಎಂಬುದನ್ನು ವ್ಯಾಸ, ತಗಡಿನ ದಪ್ಪ, ತೂಕಗಳನ್ನು ಒಂದೊಂದಾಗಿ ದಾಖಲಿಸಿದಾಗಷ್ಟೇ ನಿರ್ಧರಿಸಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿದ್ಧವಾಗಿದ್ದ 700 ಬಾಣಗಳ ಜೊತೆಗೆ 9000 ಬರಿಯ ಕೊಳವೆಗಳು ಸಿಕ್ಕವೆಂಬ ಲೆಕ್ಕವಿದೆ. ಕೊಳವೆ ಬಡಿಯುವುದೂ ಮದ್ದು ತುಂಬುವುದೂ ಪ್ರತ್ಯೇಕ ಕೆಲಸಗಳಾಗಿದ್ದವೆಂದು ಇದರಿಂದ ಊಹಿಸಬಹುದು. ಆದ್ದರಿಂದ ಖಾಲಿ ಕೊಳವೆ ದೊರೆತರೆ ಅದನ್ನು ಹಾರಿಸಿದ ಬಾಣವೆಂದು ಕೂಡಲೇ ಬರೆದಿಡಬಾರದು.

ಕೊನೆಯದಾಗಿ ಕ್ಷೇತ್ರಕಾರ್ಯದಲ್ಲಿ ಎದುರಾಗುವ ತೊಡಕೊಂದನ್ನು ಹೇಳಬೇಕು. ಆಯುಧಪೂಜೆಗೆ ಹಿತ್ತಾಳೆಯನ್ನು ಹುಣಸೆಹುಳಿಯಿಂದಲೂ ಕಬ್ಬಿಣವನ್ನು ಇಟ್ಟಿಗೆಪುಡಿಯಿಂದಲೂ ತಿಕ್ಕಿ ಬೆಳಗುವುದು ಭಕ್ತಿಯ ಕೆಲಸವೇ ಸರಿ. ಆದರೆ ನಳಿಕೆಯ ಬುಡದಲ್ಲಿ ತೆಳುವಾಗಿ ಒತ್ತಿದ ಮುದ್ರೆ ಹೀಗೆ ವರ್ಷವರ್ಷವೂ ಸವೆಯುತ್ತದೆ. ಅಂತಹ ಕೋವಿಯ ಚಾಪನ್ನು ಬಿಚ್ಚಿ ಒಳಮೈಯನ್ನು ನೋಡುವುದು ಲೇಸು. ತಿಕ್ಕುವ ಕೈ ಅಲ್ಲಿಗೆ ತಲುಪಿರುವುದಿಲ್ಲ.