ಹೊರನಾಡು ಬಿಟ್ಟ ಬಸ್ಸು, ಬಂದರು ಬಿಟ್ಟ ಹಡಗು

ಮೊಳಕಾಲ್ಮೂರಿಗೆ ಎಂದು ಟಿಕೆಟ್ ಕೊಟ್ಟ ಕಂಡಕ್ಟರ್, ರಾತ್ರಿ ಹನ್ನೊಂದರ ಹೊತ್ತಿಗೆ ಹಾನಗಲ್ ಕ್ರಾಸಿನಲ್ಲಿ ಸೀಟಿ ಊದಿ, "ಬಸ್ಸು ಊರೊಳಗೆ ಹೋಗಲ್ಲ, ಇಲ್ಲೇ ಇಳ್ಕೊಳ್ರಿ" ಎಂದರೆ ಇಳಿದವರಿಗೆ ಏನು ಸಿಗಬೇಕು? ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಮೊಳಕಾಲ್ಮೂರನ್ನು ಬದಿಗಿಟ್ಟು ಹಾನಗಲ್ ಮೇಲೆ ಹಾಯುತ್ತದೆ. ಹಾಗಾಗಿ ಈ ಸೀಮೆಯವರಿಗೆ ಪ್ರಶ್ನೆ ಹೊಸದೇನಲ್ಲ. ಇಳಿದವರು ಎರಡು ಮಾತು ಬೈದು, ಆಟೊ ಸಿಕ್ಕರೆ ಆಟೊ, ಇಲ್ಲದಿದ್ದರೆ ಮನೆಯವರ ಬೈಕು ಎಂದು ಹೇಗೋ ಊರು ಸೇರಿ ಮಲಗುತ್ತಾರೆ. ಆಟೊದವನಿಗೆ ಕೊಟ್ಟ ದುಡ್ಡು ಯಾರ ತಲೆಗೆ ಬರಬೇಕಿತ್ತು ಎಂದು ಬೆಳಗ್ಗೆ ಯಾರೂ ಕೇಳುವುದಿಲ್ಲ.

ಇಂಗ್ಲೆಂಡಿನ ಹಾಬ್ಸ್ ಎಂಬುವರು ಕೇಳಿದರು. ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ವಿಂಬಲ್ಡನ್‌ನಲ್ಲಿ ಮಧ್ಯರಾತ್ರಿಯ ರೈಲು ಹತ್ತಿ ಹ್ಯಾಂಪ್ಟನ್ ಕೋರ್ಟಿಗೆ ಹೊರಟಿದ್ದರು. ರೈಲು ಅವರನ್ನು ಈಷರ್ ಎಂಬ ಬೇರೆ ನಿಲ್ದಾಣಕ್ಕೆ ಒಯ್ದು ಇಳಿಸಿತು. ಗಾಡಿ ಸಿಗಲಿಲ್ಲ, ತಂಗಲು ಜಾಗವೂ ಇರಲಿಲ್ಲ. ಜಿನುಗು ಮಳೆಯಲ್ಲಿ ಮಕ್ಕಳನ್ನು ನಾಲ್ಕೈದು ಮೈಲಿ ನಡೆಸಿಕೊಂಡು ಮನೆ ಮುಟ್ಟಿದರು. ಹೆಂಡತಿ ನೆಗಡಿ ಹಿಡಿದು ಮಲಗಿದಳು. ಜ್ಯೂರಿಯವರು ನಡೆದ ಕಷ್ಟಕ್ಕೆ 8 ಪೌಂಡ್, ಕಾಯಿಲೆಗೆ 20 ಪೌಂಡ್ ಕೊಡಿಸಿದರು. 1875ರಲ್ಲಿ ಮೇಲಿನ ನ್ಯಾಯಾಲಯ ಎಂಟನ್ನು ಉಳಿಸಿ ಇಪ್ಪತ್ತನ್ನು ಹೊಡೆದುಹಾಕಿತು. ತಪ್ಪು ನಿಲ್ದಾಣದಲ್ಲಿ ಇಳಿಸಿದರೆ ನಡೆಯಬೇಕಾಗುತ್ತದೆ, ಅದು ಸಹಜ. ನೆಗಡಿ ಬಹಳ ದೂರದ ಮಾತು ಎಂದಿತು. ಮಳೆಯಲ್ಲಿ ನಡೆದವರಿಗೆ ನೆಗಡಿ ಬರುವುದು ಅಷ್ಟೇನೂ ದೂರದ ಮಾತಲ್ಲ ಎಂದು ನನಗನ್ನಿಸುತ್ತದೆ. ಮುಂದೆ ಅಲ್ಲಿನ ಕೆಲವು ನ್ಯಾಯಾಧೀಶರಿಗೂ ಆ ಅನುಮಾನ ಬಂತು. ಏನೇ ಇರಲಿ, ಮುಟ್ಟಿಸುತ್ತೇನೆಂದ ಜಾಗಕ್ಕೆ ಮುಟ್ಟಿಸದಿದ್ದರೆ ಏನು ಕೇಳಬಹುದು, ಏನು ಕೇಳಲಾಗದು ಎಂಬುದಕ್ಕೆ ಇಷ್ಟು ಹತ್ತಿರದ ಪ್ರಕರಣ ಇನ್ನೊಂದಿಲ್ಲ.

ನಮ್ಮ ದೇಶದ ಕರಾರು ಕಾಯ್ದೆ ಇದಕ್ಕಿಂತ ಮೂರು ವರ್ಷ ಹಳೆಯದು, 1872ರದ್ದು. ಅದರ 73ನೇ ಕಲಂ ಹೇಳುವುದಿಷ್ಟು: ಮಾತು ಮುರಿದವನು ಆ ಮುರಿತದಿಂದ ಸಹಜವಾಗಿ ಆದ ನಷ್ಟವನ್ನು ತುಂಬಬೇಕು, ಇಂಥ ನಷ್ಟ ಆಗಬಹುದೆಂದು ಕರಾರಿನ ಹೊತ್ತಿಗೇ ಇಬ್ಬರಿಗೂ ಗೊತ್ತಿದ್ದರೆ ಅದನ್ನೂ ತುಂಬಬೇಕು, ದೂರದ, ಸುತ್ತುಬಳಸಿನ ನಷ್ಟಕ್ಕೆ ಹೊಣೆಯಿಲ್ಲ. ಈ ವಿಚಾರದ ಬೇರು 1854ರ ಇನ್ನೊಂದು ಇಂಗ್ಲಿಷ್ ತೀರ್ಪಿನಲ್ಲಿದೆ. ಗ್ಲಾಸ್ಟರ್ ಊರಿನ ಹಿಟ್ಟಿನ ಗಿರಣಿಯ ದಂಡ ಮುರಿಯಿತು. ಅದನ್ನು ಮಾದರಿಗಾಗಿ ಒಯ್ಯಬೇಕಿದ್ದ ಸಾಗಣೆಯವರು ತಡಮಾಡಿದರು. ಗಿರಣಿ ನಿಂತಿತು. ನಿಂತ ದಿನಗಳ ಲಾಭ ಮಾಲೀಕರಿಗೆ ಸಿಗಲಿಲ್ಲ, ಏಕೆಂದರೆ ಬೇರೆ ದಂಡವಿಲ್ಲದೆ ಗಿರಣಿಯೇ ನಿಲ್ಲುತ್ತದೆಂಬುದು ಸಾಗಣೆಯವರಿಗೆ ತಿಳಿಯುವಂತಿರಲಿಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಲಾರಿಯವನಿಗೆ "ನಾಳೆ ಬೆಳಗ್ಗೆಯೇ ಬೇಕು, ಇಲ್ಲದಿದ್ದರೆ ಮಿಲ್ಲು ನಿಲ್ಲುತ್ತೆ" ಎಂದು ಹೇಳಿ ಕಳಿಸುವುದಕ್ಕೂ ಹೇಳದೆ ಕಳಿಸುವುದಕ್ಕೂ ಇರುವ ಅಂತರ ಅವರಿಗೆ ಗೊತ್ತು.

ಟಿಕೆಟ್ಟಿನ ಕಥೆ ಹೀಗಾದರೆ ಟೂರಿನದು ಸ್ವಲ್ಪ ಬೇರೆ. ಟಿಕೆಟ್ ಕೊಂಡವರಿಗೆ ಊರು ಮುಟ್ಟಿದರೆ ಸಾಕು. ಟೂರಿಗೆ ಹೋದವರು ಕೊಟ್ಟ ದುಡ್ಡಿನಲ್ಲಿ ಊರುಗಳ ಒಂದು ಪಟ್ಟಿಯನ್ನೇ ಕೊಂಡಿರುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮನ ಜೊತೆ ಚಳ್ಳಕೆರೆಯಿಂದ ಅಂಥದ್ದೊಂದು ಟೂರಿಗೆ ಹೋಗಿದ್ದೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ. ಮೂರು ದಿನ, ಊಟ ತಿಂಡಿ ಸೇರಿ ತಲೆಗೆ 1,800 ರೂಪಾಯಿ. ಕರಪತ್ರದಲ್ಲಿ ನಾಲ್ಕೂ ಹೆಸರು ದಪ್ಪಕ್ಷರದಲ್ಲಿದ್ದವು. ಹೊರನಾಡಿನ ಅನ್ನಪೂರ್ಣೇಶ್ವರಿಗೆ ಸೀರೆ ಕೊಡುತ್ತೇನೆಂದು ದೊಡ್ಡಮ್ಮ ಹರಕೆ ಹೊತ್ತಿದ್ದಳು. ಮೊಳಕಾಲ್ಮೂರಿನ ರೇಷ್ಮೆ ಸೀರೆ ತೆಗೆದು, ಹಳೆಯ ಪಂಚೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡಿದ್ದಳು. ನೆಹರು ಸರ್ಕಲ್ಲಿನಿಂದ ಬಸ್ಸು ಹೊರಡಬೇಕಾದದ್ದು ರಾತ್ರಿ ಒಂಬತ್ತಕ್ಕೆ. ಬಾರದ ಎರಡು ಕುಟುಂಬಗಳಿಗಾಗಿ ಟೂರಿನವನು ಹನ್ನೆರಡೂವರೆಯವರೆಗೆ ಕಾದ. ಆ ತಡ ಮರುದಿನವೆಲ್ಲ ಹಿಂದೆಯೇ ಬಂತು. ಶೃಂಗೇರಿ ಮುಗಿಯುವಾಗ ಸಂಜೆಯಾಗಿತ್ತು. ಹೊರನಾಡಿಗೆ ತಿರುಗಬೇಕಿದ್ದ ಬಸ್ಸು ಕೆರೆಕಟ್ಟೆ ಮೇಲೆ ಘಟ್ಟ ಇಳಿದು ಧರ್ಮಸ್ಥಳದ ದಾರಿ ಹಿಡಿಯಿತು. ನಿದ್ದೆಯಲ್ಲಿದ್ದ ಜನಕ್ಕೆ ಗೊತ್ತಾದದ್ದು ಕೆಳಗಿಳಿದು ಸೆಕೆ ತಟ್ಟಿದ ಮೇಲೆ.

"ಯಾಕಪ್ಪಾ ತಮ್ಮಾ, ಹೊರನಾಡು ಎಲ್ಲೋಯ್ತು?" ಎಂದು ದೊಡ್ಡಮ್ಮ ಕೇಳಿದಳು.

"ಕತ್ತಲಲ್ಲಿ ಆ ತಿರುವಿನ ರಸ್ತೆ ಅಪಾಯ ಕಣಮ್ಮಾ. ನಿಮ್ಮ ಒಳ್ಳೇದಕ್ಕೇ ಬಿಟ್ಟಿದ್ದು" ಎಂದ ಅವನು.

ಆ ಉತ್ತರವನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಕತ್ತಲಲ್ಲಿ ಆ ರಸ್ತೆ ಅಪಾಯ ಎಂಬುದು ನಿಜ. ಆದರೆ ಕತ್ತಲಾದದ್ದು ಅವನಿಂದಲೇ.

ಈಗ ಹಡಗಿಗೆ ಬರೋಣ. ಕಡಲು ಕಾಣದ ಸೀಮೆಯಲ್ಲಿ ಹಡಗಿನ ಮಾತೇಕೆ ಎನ್ನಬೇಡಿ. ಬೆಂಗಳೂರಿನಲ್ಲಿ ನೌಕರಿ ಹಿಡಿದ ಮಕ್ಕಳು ಅಪ್ಪ ಅಮ್ಮನನ್ನು ಕ್ರೂಸಿಗೆ ಕಳಿಸುವ ಕಾಲ ಇದು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ಹಡಗು ಮುಂಬೈಯಿಂದ ಸಂಚಾರ ಶುರುಮಾಡಿದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಹಡಗಿನಲ್ಲೇ ಉಂಡು ಮಲಗಿ ಹೋಗಿಬರುವುದು ನಮ್ಮವರಿಗೂ ಎಟುಕಿತು. ಇಂಥ ಪ್ರವಾಸದಲ್ಲಿ ಒಂದೊಂದು ಸಲ ಹಡಗು ಪಟ್ಟಿಯಲ್ಲಿದ್ದ ಬಂದರಿಗೆ ಹೋಗುವುದೇ ಇಲ್ಲ. ಎಲ್ಲ ಬಂದರುಗಳೂ ಒಂದೇ ಥರದವಲ್ಲ. ಪಣಂಬೂರಿನ ನವಮಂಗಳೂರು ಬಂದರಿನಂಥ ಕಡೆ ಹಡಗು ಧಕ್ಕೆಗೇ ತಾಗಿ ನಿಲ್ಲುತ್ತದೆ. ಲಕ್ಷದ್ವೀಪದಂಥ ಹವಳದ ದ್ವೀಪಗಳಲ್ಲಿ ದೊಡ್ಡ ಹಡಗು ಆಚೆಯ ಆಳದಲ್ಲಿ ನಿಂತು, ಜನರನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡಕ್ಕೆ ಕಳಿಸಬೇಕು. ಅಲೆ ಸ್ವಲ್ಪ ಎದ್ದರೂ ಹಡಗಿನ ಬಾಗಿಲಿಗೂ ದೋಣಿಗೂ ಹೊಂದಿಕೆ ತಪ್ಪುತ್ತದೆ. ಕಾಲಿಡುವ ಹೊತ್ತಿಗೆ ದೋಣಿ ಕೆಳಗೆ ಕುಸಿದಿರುತ್ತದೆ. ಆಗ ಕ್ಯಾಪ್ಟನ್ ಬೇಡ ಎಂದರೆ ಮುಗಿಯಿತು. ಜೀವರಕ್ಷಣೆಯ ವಿಷಯದಲ್ಲಿ ಅವನ ತೀರ್ಮಾನಕ್ಕೆ ಹಡಗಿನ ಮಾಲೀಕನೂ ಅಡ್ಡಬರಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ.

ಹಡಗಿನ ಟಿಕೆಟ್ಟಿನ ಹಿಂದಿನ ಸಣ್ಣಕ್ಷರದ ಷರತ್ತುಗಳಲ್ಲೂ ಇದನ್ನೇ ಬರೆದುಕೊಂಡಿರುತ್ತಾರೆ: ಯಾವ ಬಂದರನ್ನಾದರೂ ಬಿಡಬಹುದು, ಬದಲಿಸಬಹುದು, ಪರಿಹಾರ ಕೇಳುವಂತಿಲ್ಲ. ಸಾಮಾನ್ಯವಾಗಿ ಕೈಗೆ ಬರುವುದು ಆ ಬಂದರಿಗೆ ಕಟ್ಟಬೇಕಿದ್ದ ತೆರಿಗೆ, ಶುಲ್ಕದ ಮೊತ್ತ ಮಾತ್ರ. ಹಡಗಿನವರ ಮೂಲಕವೇ ದಡದ ಸುತ್ತಾಟಕ್ಕೆ ಮೊದಲೇ ಹಣ ಕಟ್ಟಿದ್ದರೆ ಅದೂ ವಾಪಸಾಗುತ್ತದೆ. ಬೇರೆ ಯಾರೋ ಟ್ಯಾಕ್ಸಿಯವರಿಗೆ ಕೊಟ್ಟ ಅಡ್ವಾನ್ಸು ಹೋಯಿತೆಂದೇ ಲೆಕ್ಕ. ಟ್ಯಾಕ್ಸಿಯವರ ಪಾಡೂ ಇದೆ. ಹಡಗು ಮಂಗಳೂರು ಬಿಟ್ಟು ಮುಂದೆ ಹೋದರೆ, ಕುದ್ರೋಳಿ, ಮೂಡುಬಿದಿರೆಗೆ ಕರೆದೊಯ್ಯಲು ಬೆಳಗ್ಗೆಯಿಂದ ಕಾದವರ ದಿನದ ದುಡಿಮೆಯೇ ಹೋಗುತ್ತದೆ. ಹಡಗಿನವರೊಡನೆ ಅವರಿಗೆ ಕರಾರಿಲ್ಲ, ಕೇಳಲು ದಾರಿಯೂ ಇಲ್ಲ.

ಹಾಗಾದರೆ ಎಷ್ಟು ನಿರೀಕ್ಷಿಸಬಹುದು? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ: ಮಾಡಿದಷ್ಟು ನೀಡು ಭಿಕ್ಷೆ. ಕೆರೆ ಕಟ್ಟಿಸಿದ ಯೋಗಿಯ ಮಾತು, ದುಡಿದಷ್ಟಕ್ಕೆ ಕೂಲಿ. ಲೆಕ್ಕದ ಒಂದು ತುದಿ ಇದೇ. ತಲೆಗೆ 40,000 ರೂಪಾಯಿಯ ನಾಲ್ಕು ರಾತ್ರಿಯ ಪ್ರವಾಸ, ಎರಡು ಬಂದರು ಎಂದುಕೊಳ್ಳಿ. ಒಂದು ತಪ್ಪಿತು. ಅರ್ಧ ಹಣ ಕೇಳೋಣವೇ? ಆಗದು. ಆ ದಿನವೂ ಹಡಗಿನಲ್ಲಿ ಮಲಗಿದಿರಿ, ಉಂಡಿರಿ, ರಾತ್ರಿ ಕಾರ್ಯಕ್ರಮ ನೋಡಿದಿರಿ. ಮಾಡಿದಷ್ಟಕ್ಕೆ ಅವರಿಗೂ ಸಲ್ಲಬೇಕು. ಹಾಗೆಂದು ಬಂದರಿನ ಶುಲ್ಕವಷ್ಟೇ ನಷ್ಟ ಎಂಬುದನ್ನೂ ನಾನು ಒಪ್ಪುವುದಿಲ್ಲ. ಮದುವೆ ಊಟದಲ್ಲಿ ಉಪ್ಪಿನಕಾಯಿ ಮುಗಿದರೆ ಗೊಣಗಿ ಸುಮ್ಮನಾಗುತ್ತೇವೆ. ಹೋಳಿಗೆ ಊಟಕ್ಕೆ ಕರೆದು ಹೋಳಿಗೆಯನ್ನೇ ಬಡಿಸದಿದ್ದರೆ? ಲಕ್ಷದ್ವೀಪದ ಹೆಸರಿನಲ್ಲಿ ಮಾರಿದ ಪ್ರವಾಸದಲ್ಲಿ ಲಕ್ಷದ್ವೀಪ ಹೋಳಿಗೆ. ದಾರಿಯಲ್ಲಿ ಸಿಗುವ ಇನ್ನೊಂದು ಬಂದರು ಉಪ್ಪಿನಕಾಯಿ. ಜಾಹೀರಾತಿನಲ್ಲಿ ಯಾವುದನ್ನು ದಪ್ಪಕ್ಷರದಲ್ಲಿ ಹಾಕಿದ್ದರೋ ಅದರ ಬೆಲೆ ಹೆಚ್ಚು.

ಮನಸ್ಸಿನ ಬೇಸರಕ್ಕೂ ಬೆಲೆ ಉಂಟೇ? ಬಹುಕಾಲ ನ್ಯಾಯಾಲಯಗಳು ಇಲ್ಲ ಎನ್ನುತ್ತಿದ್ದವು. 1972ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ವಿಸ್ ಎಂಬ ವಕೀಲರ ಮೊಕದ್ದಮೆ ಅದನ್ನು ತಿರುಗಿಸಿತು. ಸ್ವಿಟ್ಜರ್ಲೆಂಡಿನ ಹಿಮದ ಊರಿನಲ್ಲಿ ಹದಿನೈದು ದಿನದ ರಜೆಗೆ ಅವರು ಕಟ್ಟಿದ್ದು 63 ಪೌಂಡ್ ಚಿಲ್ಲರೆ. ಕರಪತ್ರದಲ್ಲಿ ತುಂಬಿದ ಮನೆಯ ಗೌಜು, ಸ್ವಿಸ್ ಕೇಕು, ಹಳ್ಳಿಯ ಹಾಡುಗಾರ ಎಲ್ಲ ಇತ್ತು. ಎರಡನೇ ವಾರ ಆ ಮನೆಯಲ್ಲಿ ಜಾರ್ವಿಸ್ ಒಬ್ಬರೇ ಅತಿಥಿ. ಹಾಡುಗಾರ ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಗಡಿಬಿಡಿಯಲ್ಲಿ ಮುಗಿಸಿ ಹೋದ. ಕೆಳಗಿನ ನ್ಯಾಯಾಲಯ ಅರ್ಧ ಹಣ ಕೊಡಿಸಿತ್ತು. ಲಾರ್ಡ್ ಡೆನ್ನಿಂಗ್ ಅದನ್ನು 125 ಪೌಂಡಿಗೆ, ಅಂದರೆ ಕಟ್ಟಿದ್ದಕ್ಕಿಂತ ಸುಮಾರು ಇಮ್ಮಡಿಗೆ ಏರಿಸಿದರು. ಸಂತೋಷವನ್ನೇ ಸರಕಾಗಿ ಮಾರಿದವನು ಸಂತೋಷ ಕೊಡದಿದ್ದರೆ ಅದಕ್ಕೂ ತೆರಬೇಕು ಎಂಬುದು ಅಲ್ಲಿಂದ ನಿಂತಿತು. 2020ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು ಹಡಗಿನವರ ವಿಷಯದಲ್ಲೇ ಇದನ್ನು ಒಪ್ಪಿತು. 2013ರಲ್ಲಿ ಯೂರೋಪಿನ ನದಿಗಳಿಗೆ ನೆರೆ ಬಂದು, ನದಿಯಲ್ಲಿ ತೇಲಬೇಕಿದ್ದ ಪ್ರವಾಸಿಗರು ಬಹುಪಾಲು ದಾರಿಯನ್ನು ಬಸ್ಸಿನಲ್ಲಿ ಕಳೆದಿದ್ದರು. ನೆರೆ ಕಂಪನಿಯ ತಪ್ಪಲ್ಲ, ನಿಜ. ನೆರೆ ಗೊತ್ತಿದ್ದೂ ಜನರಿಗೆ ತಿಳಿಸಿ ಪ್ರವಾಸ ಬಿಡುವ ಅವಕಾಶ ಕೊಡದಿದ್ದದ್ದೇ ಅಲ್ಲಿನ ಜಗಳದ ಮೂಲ.

ನಮ್ಮ ಸುಪ್ರೀಂ ಕೋರ್ಟು 2021ರಲ್ಲಿ ರೈಲಿನ ಒಂದು ಪ್ರಕರಣದಲ್ಲಿ ಇದರ ಇನ್ನೊಂದು ಮುಖ ತೋರಿಸಿತು. ಅಜ್ಮೀರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ, ಮುಂದಿನ ಶ್ರೀನಗರದ ವಿಮಾನ ತಪ್ಪಿದವರಿಗೆ ಟ್ಯಾಕ್ಸಿಗೆ ತೆತ್ತ 15,000, ಬುಕಿಂಗಿನಲ್ಲಿ ಹೋದ 10,000, ಮನಸ್ಸಿನ ನೋವಿಗೆ 5,000, ದಾವೆಯ ಖರ್ಚಿಗೆ 5,000 ರೂಪಾಯಿ ಸಿಕ್ಕಿತು. ತಡವಾದದ್ದು ತಮ್ಮ ಕೈಮೀರಿ ಎಂದು ರೈಲ್ವೆಯವರೇ ತೋರಿಸಬೇಕು, ತೋರಿಸದಿದ್ದರೆ ಹೊಣೆ ಅವರದೇ ಎಂದಿತು ಕೋರ್ಟು. ಹಡಗಿಗೂ ಬಸ್ಸಿಗೂ ಇದನ್ನು ಹೊಂದಿಸಿ ನೋಡಬಹುದು. ಬಿರುಗಾಳಿಯಿಂದ ಬಂದರು ತಪ್ಪಿದರೆ ದಂಡದ ಆಸೆ ಬಿಡಿ, ಸಿಗದ ಸೇವೆಯ ಹಣವನ್ನಷ್ಟೇ ಕೇಳಿ. ಎಂಜಿನ್ ಕೆಟ್ಟು, ಡೀಸೆಲ್ ಉಳಿಸಲು ಹೋಗಿ, ಬಾರದ ಗಿರಾಕಿಗೆ ಕಾದು ತಪ್ಪಿದರೆ ಮಾತೇ ಬೇರೆ.

ಕೇಳುವುದೆಲ್ಲಿ? ಮೊದಲು ಕಂಪನಿಗೆ, ಬರೆದು. ಬಗ್ಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. ಹಳೆಯ 1986ರ ಕಾಯ್ದೆಯಲ್ಲಿ ದೂರು ಕೊಡಲು ಎದುರು ಪಕ್ಷದವರ ಕಚೇರಿ ಇರುವ ಅಥವಾ ವ್ಯವಹಾರ ನಡೆದ ಊರನ್ನು ಹುಡುಕಿಕೊಂಡು ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಮುಂಬೈಯ ಹಡಗಿನವರು ಚಿತ್ರದುರ್ಗಕ್ಕೆ ಉತ್ತರ ಕೊಡಬೇಕು. ನನ್ನ ಕಣ್ಣಿಗೆ ಇಡೀ ಕಾಯ್ದೆಯಲ್ಲಿ ನಮ್ಮಂಥ ದೂರದ ತಾಲ್ಲೂಕುಗಳಿಗೆ ಸಿಕ್ಕ ದೊಡ್ಡ ಲಾಭ ಇದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಗಡುವು ಎರಡು ವರ್ಷ. ಹಣ ಕಟ್ಟಿದವನು ಬೆಂಗಳೂರಿನ ಮಗ, ಹೋದವರು ಅಪ್ಪ ಅಮ್ಮ ಎಂದರೂ ಅಡ್ಡಿಯಿಲ್ಲ. ಅವನ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರೇ. ಇನ್ನು "ಪರಿಹಾರ ಕೇಳುವಂತಿಲ್ಲ" ಎಂಬ ಷರತ್ತು: ಒಂದೇ ಕಡೆಗೆ ವಾಲಿದ ಕರಾರು ಗ್ರಾಹಕನನ್ನು ಕಟ್ಟಿಹಾಕದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ಮನೆ ಖರೀದಿಯ ಪ್ರಕರಣವೊಂದರಲ್ಲಿ ಹೇಳಿದೆ. ಹೊಸ ಕಾಯ್ದೆ ಅನ್ಯಾಯದ ಕರಾರು ಎಂಬುದನ್ನೇ ಪ್ರತ್ಯೇಕವಾಗಿ ಗುರುತಿಸಿದೆ. ಆದರೆ ಕರಾರೇ ಅನ್ಯಾಯದ್ದೆಂಬ ದೂರು ಜಿಲ್ಲೆಯಲ್ಲಿ ನಡೆಯದು, ಅದಕ್ಕೆ ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು.

ದೂರು ಗೆಲ್ಲುವುದು ಕಾಗದದಿಂದ. ಕರಪತ್ರ, ರಸೀದಿ, ವಾಟ್ಸಾಪಿನಲ್ಲಿ ಬಂದ ಪಟ್ಟಿ, ಬಂದರು ಬಿಟ್ಟೆವೆಂದು ಹಡಗಿನಲ್ಲಿ ಕೊಟ್ಟ ಚೀಟಿ, ಬಿಟ್ಟ ಗಂಟೆ. ಹರಕೆ, ಶ್ರಾದ್ಧ, ಮದುವೆ ಮಾತುಕತೆಯಂಥ ವಿಶೇಷ ಕಾರಣವಿದ್ದರೆ ಬುಕ್ ಮಾಡುವಾಗಲೇ ಬರೆದು ತಿಳಿಸಿಬಿಡಿ. ಗ್ಲಾಸ್ಟರಿನ ಗಿರಣಿಯವರು ಸೋತದ್ದು ಅಲ್ಲೇ. ಸ್ಥಳದಲ್ಲೇ ಐನೂರು ರೂಪಾಯಿಯ ಕೂಪನ್ ಕೊಟ್ಟು "ಪೂರ್ತಿ ಸಂದಾಯ" ಎಂದು ಸಹಿ ಹಾಕಿಸಿಕೊಳ್ಳಲು ಬಂದರೆ, ಓದದೆ ಹಾಕಬೇಡಿ.

ದೊಡ್ಡಮ್ಮ ಯಾವ ಆಯೋಗಕ್ಕೂ ಹೋಗಲಿಲ್ಲ. ಮುಂದಿನ ತಿಂಗಳು ನನ್ನ ತಮ್ಮನನ್ನು ಕರೆದುಕೊಂಡು ಸರ್ಕಾರಿ ಬಸ್ಸಿನಲ್ಲಿ ಹೊರನಾಡಿಗೆ ಹೋಗಿ ಸೀರೆ ಒಪ್ಪಿಸಿ ಬಂದಳು. ಬಂದ ಮರುದಿನ ಹೋಗುವ ಬರುವ ಎಲ್ಲ ಟಿಕೆಟ್ಟುಗಳನ್ನು ಟೂರಿನ ಹಳೆಯ ಕರಪತ್ರಕ್ಕೆ ಗುಂಡುಪಿನ್ನಿನಿಂದ ಚುಚ್ಚಿ, ಟೂರಿನವನ ಅಂಗಡಿಯ ಮೇಜಿನ ಮೇಲೆ ಇಟ್ಟಳು. ಅವನು ಕೂಡಿ, ಕಳೆದು, ತಮ್ಮನ ಟಿಕೆಟ್ಟನ್ನು ಬೇರೆ ತೆಗೆದಿಟ್ಟು ಅವಳೊಬ್ಬಳ ಚಾರ್ಜು ಎಣಿಸಿಕೊಟ್ಟ. "ವಯಸ್ಸಾದೋಳು ಒಬ್ಬಳೇ ಹೆಂಗೆ ಹೋಗಲಪ್ಪಾ?" ಎಂದು ದೊಡ್ಡಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಎರಡನೇ ಟಿಕೆಟ್ಟಿನದನ್ನೂ ಕೊಟ್ಟ.