ದೀಪವೊಂದೇ ಸಾಲದು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗರ್ಭಿಣಿಯ ಯೋಗಕ್ಷೇಮವು ಯಾರೊಬ್ಬರ ಕೈಯಲ್ಲಿಯೂ ಇಲ್ಲ. ಊರಿನ ಆಶಾ ಕಾರ್ಯಕರ್ತೆಯು ಆಕೆಯನ್ನು ಮೊದಲು ಗುರುತಿಸುವರು. ಉಪಕೇಂದ್ರದ ಆರೋಗ್ಯ ಸಹಾಯಕಿಯು ಪರೀಕ್ಷಿಸುವರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಚಿಕಿತ್ಸೆಯನ್ನು ನಿರ್ಣಯಿಸುವರು. ಅಪಾಯವೊದಗಿದರೆ 108ರ ವಾಹನವು ಆಕೆಯನ್ನು ತಾಲ್ಲೂಕಿನ ಆಸ್ಪತ್ರೆಗೋ ಬೆಳಗಾವಿಗೋ ಒಯ್ಯುವುದು. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಬಲ್ಲವರೇ. ಆದರೆ ಒಬ್ಬರು ಕಂಡದ್ದು ಮತ್ತೊಬ್ಬರಿಗೆ ತಿಳಿಯದೆ ಹೋದರೆ, ಎಲ್ಲರ ತಿಳಿವಳಿಕೆಯೂ ಸೇರಿ ಒಂದು ಜೀವವನ್ನು ಉಳಿಸಲಾರದು.

ಇದನ್ನು ಸ್ಪಷ್ಟಪಡಿಸುವ ಉದಾಹರಣೆಯು ಗೋಕಾಕದಲ್ಲಿಯೇ ಇದೆ. ಬಾಣಂತಿಯರ ಮರಣಕ್ಕೆ ಮುಖ್ಯ ಕಾರಣಗಳು ಮೂರು: ರಕ್ತಸ್ರಾವ, ರಕ್ತದ ಒತ್ತಡದ ಏರಿಕೆ, ನಂಜು. ಇವನ್ನು ಬೇಗ ಕಂಡುಹಿಡಿಯಲೆಂದು ‘ಕ್ರೇಡಲ್’ ಎಂಬ ಸಣ್ಣ ಯಂತ್ರವನ್ನು ನಿರ್ಮಿಸಿದರು. ಅದು ರಕ್ತದ ಒತ್ತಡವನ್ನೂ ನಾಡಿಯನ್ನೂ ಅಳೆದು, ಹಸುರು, ಹಳದಿ, ಕೆಂಪು ದೀಪಗಳಿಂದ ಅಪಾಯವನ್ನು ಸೂಚಿಸುತ್ತದೆ. ಮೇಲಿನ ಒತ್ತಡವು 140 ಆದರೆ ಹಳದಿ, 160 ಆದರೆ ಕೆಂಪು. ಒತ್ತಡವು ಏರದಿದ್ದರೂ ನಾಡಿಯನ್ನು ಅದಕ್ಕೆ ಹೋಲಿಸಿ ನೋಡುತ್ತದೆ. ಒತ್ತಡವು 100, ನಾಡಿಯು 120 ಇದ್ದಲ್ಲಿ, ಬರಿಯ ಒತ್ತಡವನ್ನು ನೋಡಿದವರಿಗೆ ಎಲ್ಲವೂ ಸರಿಯೆಂದೇ ತೋರಬಹುದು. ಯಂತ್ರವಾದರೋ ಹಳದಿ ದೀಪವನ್ನು ಹೊತ್ತಿಸಿ, ಒಳಗೆ ರಕ್ತವು ಹರಿದುಹೋಗುತ್ತಿರಬಹುದೆಂದು ಎಚ್ಚರಿಸುತ್ತದೆ.

2016–17ರಲ್ಲಿ ಆಫ್ರಿಕ, ಹೈತಿ ಮತ್ತು ಭಾರತದ 10 ಸ್ಥಳಗಳಲ್ಲಿ ಇದರ ಪರೀಕ್ಷೆ ನಡೆಯಿತು. ನಮ್ಮ ದೇಶದಿಂದ ಆರಿಸಿದ ಸ್ಥಳವು ಗೋಕಾಕ. ಒಟ್ಟು 5,36,223 ಹೆರಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, 2019ರಲ್ಲಿ ಫಲವನ್ನು ಪ್ರಕಟಿಸಿದರು. ಮರಣ, ಸೆಳವು, ತುರ್ತಾಗಿ ಗರ್ಭಕೋಶವನ್ನು ತೆಗೆಯಬೇಕಾದ ಸಂಕಟ ಇವು ಹತ್ತು ಸಾವಿರ ಹೆರಿಗೆಗಳಿಗೆ 79ರಿಂದ 73ಕ್ಕೆ ಇಳಿದಿದ್ದವು. ಆದರೆ ಕಾಲಕ್ರಮದಲ್ಲಿ ತಾನಾಗಿ ಆಗುವ ಬದಲಾವಣೆಯನ್ನು ಕಳೆದು ನೋಡಲು, ಈ ಇಳಿಕೆಯು ಯಂತ್ರದಿಂದಲೇ ಆಯಿತೆಂದು ಹೇಳಲು ಆಧಾರ ಸಾಲಲಿಲ್ಲ.

ಇದರಿಂದ ಯಂತ್ರವು ವ್ಯರ್ಥವೆಂದು ಭಾವಿಸಬಾರದು. ದೀಪವು ಅಪಾಯವನ್ನು ತೋರಿಸಬಲ್ಲುದು. ವಾಹನವನ್ನು ಕರೆಯಲಾರದು, ರಕ್ತವನ್ನು ಸಿದ್ಧಪಡಿಸಲಾರದು. ಅದು ಮನುಷ್ಯರ ಕಾರ್ಯ. ಆ ಕಾರ್ಯವು ನೆರವೇರಬೇಕಾದರೆ ಎರಡು ವಿಷಯಗಳು ಅವಶ್ಯಕ.

ಮೊದಲನೆಯದು, ರೋಗಿಗಿಂತ ಮುಂಚೆ ವರ್ತಮಾನವು ತಲುಪಬೇಕು: ಯಾವ ಹೊತ್ತಿನಲ್ಲಿ ಎಷ್ಟು ಒತ್ತಡವಿತ್ತು, ಯಾವ ಔಷಧವನ್ನು ಕೊಟ್ಟಿದೆ ಎಂಬುದು. ಎರಡನೆಯದು, ಮರುವರ್ತಮಾನ. ತಾನು ಕಳುಹಿಸಿದ ಹೆಣ್ಣುಮಗಳು ಏನಾದಳೆಂದು ತಿಳಿಯದ ಆರೋಗ್ಯ ಸಹಾಯಕಿಯು, ತನ್ನ ಊಹೆ ಸರಿಯಾಗಿತ್ತೋ ಇಲ್ಲವೋ ಎಂಬುದನ್ನು ಕಲಿಯುವ ಬಗೆ ಹೇಗೆ? ಆಕೆಯ ಅನುಭವವು ವರುಷಗಳಿಂದ ಬೆಳೆಯುವುದಿಲ್ಲ, ಉತ್ತರಗಳಿಂದ ಬೆಳೆಯುತ್ತದೆ.

ಬಾಣಂತಿಯ ಮರಣವಾದಲ್ಲಿ ಅದರ ಕಾರಣವನ್ನು ವಿಮರ್ಶಿಸುವ ಕ್ರಮವನ್ನು ಭಾರತ ಸರ್ಕಾರವು 2010ರಲ್ಲಿ ನಿಯಮಿಸಿತು. ಅದು ಯುಕ್ತವೇ. ಆದರೆ ಸಾವಿನಿಂದ ಮಾತ್ರ ಕಲಿಯುವುದು ದುಬಾರಿಯ ವಿದ್ಯೆ. ಕೂದಲೆಳೆಯಲ್ಲಿ ಉಳಿದವಳ ವೃತ್ತಾಂತವನ್ನೂ ಆಶಾ ಕಾರ್ಯಕರ್ತೆ, ದಾದಿ, ವೈದ್ಯರು, ವಾಹನದ ಸಿಬ್ಬಂದಿ ಎಲ್ಲರೂ ತಿಂಗಳಿಗೊಮ್ಮೆ ಒಂದೆಡೆ ಕುಳಿತು ವಿಚಾರಿಸಲಿ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ತಪ್ಪು ಯಾರದು?’ ಎಂಬುದಲ್ಲ, ‘ಹೊತ್ತು ಎಲ್ಲಿ ಕಳೆಯಿತು?’ ಎಂಬುದು. ಹೆದರಿಕೆಯಿಲ್ಲದ ಕಡೆಯಲ್ಲಿಯೇ ನಿಜವಾದ ಉತ್ತರವು ದೊರೆಯುವುದು. ಮುಂದಿನ ತಾಯಿಗೆ ಆ ಉತ್ತರವೇ ಆಸರೆ.